ಮಾಡಿನ ಮೇಲೆ ಇಲಿ ಓಡಾಟ: ಕೊಡಗಿನ ಹಂಚಿನ ಮನೆಗೂ ಶೀಟಿನ ಮನೆಗೂ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ಮನೆಗಳಲ್ಲಿ ಇಲಿ ಕಾಟಕ್ಕೆ ವರ್ಷದಲ್ಲಿ ಎರಡು ಸೀಸನ್. ಜೂನ್‌ನಲ್ಲಿ ಮಳೆ ಹಿಡಿದು ತೋಟದ ಪೊಟರೆ, ಪೊದೆಗಳೆಲ್ಲ ನೆಂದಾಗ ಒಂದು. ಹುತ್ತರಿ ಕಳೆದು, ಕೊಯ್ಲು ಮುಗಿದು, ಗದ್ದೆ ಖಾಲಿಯಾಗಿ ಭತ್ತ ಮನೆಗೆ ಬಂದಾಗ ಇನ್ನೊಂದು. ಎರಡೂ ಸಲ ಇಲಿ ಹುಡುಕುವುದು ಒಣ ಜಾಗ, ಹತ್ತಿರದಲ್ಲೇ ಊಟ. ನಮ್ಮ ಅಟ್ಟಗಳಲ್ಲಿ ಎರಡಕ್ಕೂ ಕೊರತೆ ಇಲ್ಲ.

ಸದ್ದು ಕೇಳಿದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ. ಸಂತೆಯಿಂದ ಪಾಷಾಣ ತಂದು ಅಟ್ಟಕ್ಕೆ ಎಸೆಯುವುದು. ನಾಲ್ಕೈದು ದಿನ ಬಿಟ್ಟು ಮುಚ್ಚಿಗೆ ಹಲಗೆಯ ಸಂದಿಯಿಂದ ಕೊಳೆತ ವಾಸನೆ ಶುರು. ಮಳೆಗಾಲದ ಥಂಡಿಗೆ ಅದು ಬೇಗ ಒಣಗುವುದೂ ಇಲ್ಲ. ಅಷ್ಟು ಅನುಭವಿಸಿದ ಮೇಲೂ ಮುಂದಿನ ತಿಂಗಳು ಮತ್ತೆ ಓಟ. ಇಲಿ ಸತ್ತಿತು, ಅದು ಬಂದ ದಾರಿ ಹಾಗೇ ಉಳಿಯಿತು, ಅಲ್ವಾ? ಹಾಗಾಗಿ ಈ ಬರಹದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತು ದಾರಿ ಹುಡುಕಿ ಮುಚ್ಚುವುದರ ಬಗ್ಗೆಯೇ.

ಹೆಜ್ಜೆ 1: ಮೇಲಿರುವುದು ಇಲಿಯೇ ಹೌದಾ?

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಕಾಫಿ ತೋಟದ ನಡುವಿನ ಮನೆಗೆ ಬರುವ ಅತಿಥಿಗಳು ಒಂದೆರಡಲ್ಲ.

ಅಟ್ಟ ಹತ್ತುವ ಇಲಿ ಸಾಮಾನ್ಯವಾಗಿ ಕಪ್ಪಿಲಿ. ಮೈ ತೆಳ್ಳಗೆ, ಕಿವಿ ದೊಡ್ಡದು, ಬಾಲ ತಲೆ ಮತ್ತು ಮೈ ಸೇರಿದ ಉದ್ದಕ್ಕಿಂತಲೂ ಉದ್ದ. ಗೋಡೆ, ಪೈಪು, ತಂತಿ ಯಾವುದರ ಮೇಲಾದರೂ ಹತ್ತುತ್ತದೆ. ಹೆಗ್ಗಣ ಅದಕ್ಕಿಂತ ತುಂಬ ದಪ್ಪ. ಅದರ ವಾಸ ನೆಲದೊಳಗೆ ಬಿಲ ತೋಡಿ, ಕೊಟ್ಟಿಗೆ ಪಾಯದ ಹತ್ತಿರ. ಅಂಗಳದಲ್ಲಿ ಹೆಗ್ಗಣ ಕಂಡಿತು ಎಂದು ಅಟ್ಟದ ಸದ್ದನ್ನೂ ಅದರ ತಲೆಗೆ ಕಟ್ಟಬೇಡಿ. ಸದ್ದು ಹಗುರವಾಗಿ, ಚುರುಕಾಗಿ ಓಡಿದ ಹಾಗಿದ್ದು, ನಡುನಡುವೆ ಮರ ಕಡಿಯುವ ಕರಕರ ಕೇಳಿದರೆ ಇಲಿ. ಮನುಷ್ಯರು ನಡೆದ ಹಾಗೆ ಧಡ್ ಧಡ್ ಎಂದರೆ ಬಹುಶಃ ಕಬ್ಬೆಕ್ಕು. ಕಬ್ಬೆಕ್ಕಿನ ಹಿಕ್ಕೆಯಲ್ಲಿ ಕಾಫಿ ಬೀಜ ಇಡಿಯಾಗಿ ಕಾಣುತ್ತದೆ. ಅದು ಓಡಾಡುವ ಜಾಗದಲ್ಲಿ ಕೆಲವೊಮ್ಮೆ ಸಣ್ಣಕ್ಕಿ ಅನ್ನ ಬೆಂದಂಥ ಪರಿಮಳವೂ ಬರುತ್ತದೆ.

ಹಿಕ್ಕೆಯಿಂದ ಗುರುತು ಹಿಡಿಯುವುದು ಸುಲಭ. ಇಲಿಯದ್ದು ಸುಮಾರು ಒಂದು ಸೆಂಟಿಮೀಟರ್, ಎರಡೂ ತುದಿ ಚೂಪು. ಚಿಕ್ಕ ಮನೆಯಿಲಿಯದ್ದು ಅಕ್ಕಿಕಾಳಿನಷ್ಟು. ಬಾವಲಿಯದ್ದೂ ನೋಡಲು ಹಾಗೇ ಇರುತ್ತದೆ, ಆದರೆ ಕಡ್ಡಿಯಲ್ಲಿ ಒತ್ತಿದರೆ ಪುಡಿಯಾಗಿ, ಹುಳುಗಳ ರೆಕ್ಕೆ ಚೂರು ಮಿನುಗುತ್ತದೆ.

ಇನ್ನೂ ಸಂಶಯ ಇದ್ದರೆ ಒಲೆಯ ಬೂದಿಯನ್ನು ಜರಡಿ ಹಿಡಿದು, ಸಂಜೆ ಅಟ್ಟದಲ್ಲಿ ಗೋಡೆ ಬುಡದಲ್ಲಿ ತೆಳ್ಳಗೆ ಹರಡಿ. ಬೆಳಗ್ಗೆ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಹೆಜ್ಜೆ ಎದ್ದು ಕಾಣುತ್ತದೆ. ಇಲಿಗೆ ಮುಂಗಾಲಲ್ಲಿ ನಾಲ್ಕು ಬೆರಳು, ಹಿಂಗಾಲಲ್ಲಿ ಐದು. ನಡುವೆ ಬಾಲ ಎಳೆದ ಗೆರೆ. ಈ ಬೂದಿ ಮುಂದಿನ ಪ್ರತಿ ಹಂತದಲ್ಲೂ ಬೇಕಾಗುತ್ತದೆ. ಒಂದು ಡಬ್ಬದಲ್ಲಿ ಎತ್ತಿಟ್ಟುಕೊಳ್ಳಿ.

ಕಬ್ಬೆಕ್ಕಾದರೆ ಬೋನಿಡುವ ಹಾಗಿಲ್ಲ, ಕೊಲ್ಲುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಪ್ರಾಣಿ ಅದು. ರಾತ್ರಿ ಅದು ಮೇಯಲು ಹೊರಗೆ ಹೋದಾಗ ಕಂಡಿ ಮುಚ್ಚಬೇಕು, ಒಳಗೆ ಮರಿ ಇಲ್ಲವೆಂದು ನೋಡಿಕೊಂಡೇ. ಮರಿ ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಹೆಜ್ಜೆ 2: ದಾರಿ ಹುಡುಕುವುದು

ಹಗಲು ಹೊತ್ತು ಅಟ್ಟ ಹತ್ತಿ, ಲೈಟ್ ಆರಿಸಿ, ಸ್ವಲ್ಪ ಹೊತ್ತು ಕತ್ತಲಲ್ಲೇ ಕೂತಿರಿ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಎಲ್ಲೆಲ್ಲಿ ಬೆಳಕು ಒಳಗೆ ಬರುತ್ತದೆ ನೋಡಿ. ಬೆಳಕು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇಲಿ ನುಗ್ಗಲು ಅರ್ಧ ಇಂಚಿನ ಸಂದಿ ಸಾಕು. ಚಿಕ್ಕ ಮನೆಯಿಲಿಗೆ ಕಾಲಿಂಚು, ಅಂದರೆ ಪೆನ್ಸಿಲ್ ತೂರುವಷ್ಟು.

ಆಮೇಲೆ ಟಾರ್ಚ್ ಹಾಕಿ ತೊಲೆ, ಪಕ್ಕಾಸುಗಳ (ಮಾಡಿನ ಇಳಿಜಾರು ಮರಗಳ) ಮೇಲ್ಭಾಗ ನೋಡಿ. ಇಲಿ ದಿನಾ ಒಂದೇ ದಾರಿಯಲ್ಲಿ ಓಡಾಡುತ್ತದೆ. ಮೈಯ ಜಿಡ್ಡು ತಾಗಿ ತಾಗಿ ಆ ದಾರಿ ಕಪ್ಪಾಗಿ ಹೊಳೆಯುತ್ತದೆ. ನಮ್ಮ ಅಡುಗೆಮನೆ ಮೇಲಿನ ಹಲಸಿನ ತೊಲೆಯಲ್ಲಿ ಈ ಪಟ್ಟಿ ಎರಡು ಬೆರಳಗಲ ಇತ್ತು. ಹೊಗೆಮಸಿ ಹಿಡಿದ ಮರದ ಮೇಲೆ ಅದು ಮೊದಲು ಕಣ್ಣಿಗೇ ಬೀಳಲಿಲ್ಲ, ಬೆರಳಿಟ್ಟಾಗ ಜಾರಿತು. ಅದೇ ಪಟ್ಟಿ ಹಿಡಿದು ಹೋದರೆ ಸೂರಿನ ಮೂಲೆ. ಅಲ್ಲಿ ಹಂಚಿನ ಕೆಳಗೆ ಮುಷ್ಟಿಯಷ್ಟು ಕಂಡಿ. ಹಂಚಿನ ಕೆಲಸಕ್ಕೆ ಬಂದವನು ಹೇಳಿದ, “ಅಕ್ಕಾ, ಇಲಿ ಹಂಚು ಎತ್ತೋದಿಲ್ಲ. ಮಂಗ ಎತ್ತಿ ಹೋಗಿರ್ತದೆ, ಇಲಿ ಬಂದು ಸಂಸಾರ ಮಾಡ್ತದೆ.” ಮಾತು ನಿಜ. ಮಂಗಗಳ ಹಿಂಡು ಒಂದು ಸಲ ಮಾಡಿನ ಮೇಲೆ ಹಾದು ಹೋದರೆ ಹತ್ತಾರು ಹಂಚು ಸರಿದಿರುತ್ತದೆ.

ಹೊರಗಿನಿಂದಲೂ ಒಂದು ಸುತ್ತು ಬನ್ನಿ. ಇಲ್ಲಿ ಮಾಡಿಗೆ ಇಲಿ ಹತ್ತುವುದು ಬಹುಪಾಲು ಮರದಿಂದ. ಮನೆ ಪಕ್ಕದ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಸೂರಿಗೆ ತಾಗಿದ ಸೀಬೆ ಕೊಂಬೆ, ಎಲ್ಲವೂ ಏಣಿಯೇ. ಇಲಿ ಅಡ್ಡಕ್ಕೆ ಸುಮಾರು ನಾಲ್ಕಡಿ ನೆಗೆಯುತ್ತದೆ. ಹಾಗಾಗಿ ಮಾಡಿನಿಂದ ಆರಡಿ ಒಳಗೆ ಯಾವ ಕೊಂಬೆಯೂ ಇರದ ಹಾಗೆ ಸವರಿಸಿ. ಕಡಿಯಲು ಮನಸ್ಸಿಲ್ಲದ ಒಂಟಿ ಮರವಾದರೆ ಕಾಂಡಕ್ಕೆ ಎರಡಡಿ ಅಗಲದ ನುಣುಪು ತಗಡನ್ನು ಎದೆಮಟ್ಟದಲ್ಲಿ ಸುತ್ತಿ. ತಗಡಿನ ಮೇಲೆ ಉಗುರು ಹಿಡಿಯುವುದಿಲ್ಲ. ಕೊಂಬೆ ಬೇರೆ ಮರಕ್ಕೆ ತಾಗಿದ್ದರೆ ಮಾತ್ರ ತಗಡು ಸುತ್ತಿ ಪ್ರಯೋಜನವಿಲ್ಲ.

ಕಂಬದಿಂದ ಮನೆಗೆ ಬರುವ ಕರೆಂಟ್ ತಂತಿಯೂ ಇಲಿಗೆ ದಾರಿ. ಅದನ್ನು ನೀವು ಮುಟ್ಟಬೇಡಿ. ಕೊಂಬೆ ತಂತಿಗೆ ತಾಗಿದ್ದರೆ ಕರೆಂಟ್ ಕಂಪನಿ ಸೆಸ್ಕ್‌ನವರಿಗೆ ಹೇಳಿ, ಅವರು ಲೈನ್ ಆಫ್ ಮಾಡಿ ಸವರಲಿ. ನೀವು ಮಾಡಬೇಕಾದ್ದು ತಂತಿ ಗೋಡೆಯೊಳಗೆ ನುಗ್ಗುವ ತೂತು ಮುಚ್ಚುವುದು. ಅದೂ ಮೈನ್ ಆಫ್ ಮಾಡಿದ ಮೇಲೆ, ಎಲೆಕ್ಟ್ರಿಷಿಯನ್ ಕೈಯಲ್ಲಿ.

ಹೆಜ್ಜೆ 3: ಊಟ ನಿಲ್ಲಿಸಿ

ಇದಕ್ಕೆ ಜಾಸ್ತಿ ವಿವರಣೆ ಬೇಡ. ಭತ್ತ, ಅಕ್ಕಿ, ಕೋಳಿ ಆಹಾರ, ನಾಯಿ ಆಹಾರ ಎಲ್ಲ ಮುಚ್ಚಳ ಇರುವ ತಗಡಿನ ಡ್ರಮ್ಮಿಗೆ ಹೋಗಲಿ. ಪ್ಲಾಸ್ಟಿಕ್ ಡ್ರಮ್ಮಿನ ಅಂಚನ್ನು ಇಲಿ ಕೊರೆಯುತ್ತದೆ. ಹಣ್ಣಾಗಲಿ ಎಂದು ಅಟ್ಟದಲ್ಲಿ ತೂಗುಹಾಕಿದ ಬಾಳೆಗೊನೆ, ಗೋಣಿಯಲ್ಲಿ ಮರೆತ ಹಲಸಿನ ಬೀಜ, ಒಲೆ ಮೇಲೆ ಹೊಗೆಗೆ ಹಾಕಿದ ಹಂದಿಮಾಂಸ, ಇವು ಮೂರೂ ಇಲಿಗೆ ಹಬ್ಬ. ಮಾಂಸ ಹೊಗೆಗೆ ಹಾಕಲೇಬೇಕಾದರೆ ಸಣ್ಣ ಕಣ್ಣಿನ ತಂತಿಬಲೆಯ ಪೆಟ್ಟಿಗೆಯೊಳಗೆ ನೇತುಹಾಕಿ. ಬಚ್ಚಲಿನ ಸೋಪನ್ನೂ ಇಲಿ ಬಿಡುವುದಿಲ್ಲ, ರಾತ್ರಿ ಡಬ್ಬಿ ಮುಚ್ಚಿ.

ಹಳೇ ಗೋಣಿಚೀಲದ ರಾಶಿಯೇ ಇಲಿಗೆ ಬಾಣಂತಿ ಕೋಣೆ. ಗಬ್ಬ ಮೂರು ವಾರ, ಒಂದು ಸೂಲಿಗೆ ಐದರಿಂದ ಎಂಟು ಮರಿ. ಆ ಮರಿಗಳು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಕಾಫಿ ಸೀಸನ್ ಮುಗಿದ ಕೂಡಲೇ ಚೀಲಗಳನ್ನು ಬಿಸಿಲಿಗೆ ಕೊಡವಿ, ಕಟ್ಟು ಕಟ್ಟಿ, ಗೋಡೆಯಿಂದ ಒಂದಡಿ ದೂರ ಹಲಗೆಯ ಮೇಲೆ ಇಡಿ. ಸೌದೆ ರಾಶಿಯನ್ನೂ ಗೋಡೆಗೆ ಒತ್ತಿ ಪೇರಿಸಬೇಡಿ.

ಹೆಜ್ಜೆ 4: ಬೋನು

ಎಲ್ಲ ಕಂಡಿ ಮುಚ್ಚಿಬಿಟ್ಟರೆ ಒಳಗಿರುವ ಇಲಿ ಒಳಗೇ ಸಾಯುತ್ತದೆ, ಇಲ್ಲವೇ ಮುಚ್ಚಿಗೆ ಕೊರೆದು ಅಡುಗೆಮನೆಗೆ ಇಳಿಯುತ್ತದೆ. ಆದ್ದರಿಂದ ಜಿಡ್ಡು ಪಟ್ಟಿ ಕಂಡ ಮುಖ್ಯ ದಾರಿ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿ (ಹೇಗೆಂದು ಮುಂದೆ ಹೇಳುತ್ತೇನೆ). ಆಮೇಲೆ ಬೋನಿಡಿ.

ಅಟ್ಟಕ್ಕೆ ನನ್ನ ಆಯ್ಕೆ ಹಲಗೆ ಮೇಲೆ ಸ್ಪ್ರಿಂಗ್ ಬಡಿಯುವ ಬೋನು. ಸರಿಯಾಗಿ ಬಿದ್ದರೆ ಇಲಿ ಅಲ್ಲೇ ಸಾಯುತ್ತದೆ, ನರಳುವುದಿಲ್ಲ. ತಂತಿ ಬೋನಿನಲ್ಲಿ ಜೀವಂತ ಸಿಕ್ಕ ಇಲಿಯನ್ನು ತೋಟಕ್ಕೆ ಬಿಟ್ಟರೆ ಅದು ವಾಪಸ್ ಬರುತ್ತದೆ, ಇಲ್ಲಾ ತೋಟದ ಆಳುಗಳಿರುವ ಪಕ್ಕದ ಲೈನ್‌ಮನೆಗೆ ಹೋಗುತ್ತದೆ. ಅಂಟು ಹಲಗೆ ಬೇಡವೇ ಬೇಡ. ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಹಲ್ಲಿ, ಹಕ್ಕಿ, ಹಾವಿನ ಮರಿಯೂ ಅಂಟಿಕೊಳ್ಳುತ್ತದೆ. ಇದನ್ನು ನಿಲ್ಲಿಸಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಹೇಳಿದೆ.

ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಹೊಸ ಬೋನಿನ ಸುತ್ತ ದಿನಗಟ್ಟಲೆ ಸುಳಿದಾಡಿ ದೂರವೇ ಉಳಿಯುತ್ತದೆ. ಅದಕ್ಕೆ ಉಪಾಯ ಇಷ್ಟೇ. ಆರೇಳು ಬೋನುಗಳನ್ನು ಒಟ್ಟಿಗೇ ತನ್ನಿ. ಮೊದಲ ಮೂರ್ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ, ಸುಮ್ನೆ ತಿಂಡಿ ಇಟ್ಟು ಬಿಡಿ. ತಿಂಡಿ ಖಾಲಿಯಾಗುತ್ತಾ ಬಂದ ಮೇಲೆ ಒಂದೇ ಸಂಜೆ ಎಲ್ಲದಕ್ಕೂ ಸ್ಪ್ರಿಂಗ್ ಎಳೆದಿಡಿ. ಒಂದೊಂದೇ ಬೋನು ಇಡುತ್ತಾ ಹೋದರೆ ಉಳಿದ ಇಲಿಗಳು ಬುದ್ಧಿ ಕಲಿಯುತ್ತವೆ.

ತಿಂಡಿಗೆ ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರು ಒಳ್ಳೆಯದು. ಒಣಮೀನಿಗೂ ಬರುತ್ತದೆ, ಜೊತೆಗೆ ಮನೆ ಬೆಕ್ಕೂ ಬಂದು ಕಾಲು ಸಿಕ್ಕಿಸಿಕೊಳ್ಳುತ್ತದೆ. ತಿಂಡಿಯನ್ನು ದಾರದಲ್ಲಿ ಬಿಗಿಯಾಗಿ ಕಟ್ಟಿ, ಎಳೆದರೆ ಮಾತ್ರ ಸಿಗಬೇಕು. ಬೋನನ್ನು ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ ಇಡಿ. ತೊಲೆ ಮೇಲೆ ಇಡುವುದಾದರೆ ಕಬ್ಬಿಣದ ತಂತಿಯಲ್ಲಿ ತೊಲೆಗೇ ಕಟ್ಟಿ. ಇಲ್ಲದಿದ್ದರೆ ಅರೆಜೀವದ ಇಲಿ ಬೋನಿನ ಸಮೇತ ಮುಚ್ಚಿಗೆಯ ಮೂಲೆ ಸೇರುತ್ತದೆ.

ಪ್ರತಿ ಬೆಳಗ್ಗೆ ನೋಡಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಬಾವಿ ಮತ್ತು ತೋಡಿನಿಂದ ದೂರ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಚೀಲವನ್ನು ಮಣ್ಣಿಗೆ ಹಾಕಬೇಡಿ. ಬೂದಿಯಲ್ಲಿ ಸತತ ಮೂರು ರಾತ್ರಿ ಹೆಜ್ಜೆ ಕಾಣದಿದ್ದರೆ ಉಳಿದ ಆ ಒಂದು ದಾರಿಯನ್ನೂ ಮುಚ್ಚುವ ಹೊತ್ತು ಬಂತು.

ಹೆಜ್ಜೆ 5: ಮುಚ್ಚುವುದು

ಈ ಕೆಲಸಕ್ಕೆ ತಕ್ಕ ಕಾಲ ಏಪ್ರಿಲ್, ಮೇ. ಮಳೆಗೆ ಮೊದಲು ಹಂಚು ಕೈಯಾಡಿಸಲು ಹೇಗೂ ಆಳು ಬರುತ್ತಾರೆ, ಆಗಲೇ ಇದನ್ನೂ ಹೇಳಿ ಮಾಡಿಸಿ. ಜುಲೈಯಲ್ಲಿ ಪಾಚಿ ಹಿಡಿದ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಮಳೆಗಾಲದಲ್ಲೇ ಕಾಟ ಶುರುವಾದರೆ ಒಳಗಿನಿಂದ ಆಗುವಷ್ಟು ಮಾಡಿ, ಉಳಿದದ್ದಕ್ಕೆ ಬೋನು ಮುಂದುವರಿಸಿ.

ಸಾಮಾನು ಮೊದಲು. ಕಾಲಿಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ಸತು ಲೇಪದ ಕಬ್ಬಿಣದ ತಂತಿಬಲೆ), ಪಾತ್ರೆ ತಿಕ್ಕುವ ಸ್ಟೀಲ್ ನಾರು, ಸಿಮೆಂಟ್ ಮತ್ತು ಮರಳು. ನಾರು ಸ್ಟೇನ್‌ಲೆಸ್ ಆಗಿರಲಿ. ಬೇರೆಯದು ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಉದುರುತ್ತದೆ. ಪ್ಲಾಸ್ಟಿಕ್ ಸೊಳ್ಳೆ ಮೆಶ್, ಥರ್ಮೊಕೋಲ್, ಸ್ಪ್ರೇ ಮಾಡುವ ಫೋಮ್, ಬಟ್ಟೆ ಚಿಂದಿ ಇವಕ್ಕೆ ದುಡ್ಡು ಹಾಕಬೇಡಿ. ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ಅದು ಏನನ್ನಾದರೂ ಕಡಿಯಲೇಬೇಕು.

ಹಂಚಿನ ಮಾಡು: 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಬಂದ ಈ ಹಂಚು ಮಳೆ ತಡೆಯುವುದರಲ್ಲಿ ಎತ್ತಿದ ಕೈ. ಆದರೆ ಒಂದರ ಮೇಲೊಂದು ಕೂರುವ ಅದರ ಏರಿಳಿತದಿಂದಾಗಿ ಸೂರಿನ ಮೊದಲ ಸಾಲಿನ ಕೆಳಗೆ ಉದ್ದಕ್ಕೂ ಕಂಡಿ ಉಳಿಯುತ್ತದೆ. ಇಲಿ ಬರುವುದು ಹೆಚ್ಚಾಗಿ ಅಲ್ಲಿಂದ. ಮೊದಲ ಸಾಲಿನ ಹಂಚು ತೆಗೆಸಿ, ಒಂದಡಿ ಅಗಲದ ಮೆಶ್ ಪಟ್ಟಿಯನ್ನು ಗೋಡೆ ತಲೆಯಿಂದ ರೀಪಿನವರೆಗೆ (ಹಂಚು ಕೂರುವ ಮರದ ಪಟ್ಟಿಯವರೆಗೆ) ಬಗ್ಗಿಸಿ ಮೊಳೆ ಹೊಡೆಸಿ, ಆಮೇಲೆ ಹಂಚು ಕೂರಿಸಿ. ಪಟ್ಟಿ ಪಟ್ಟಿಗೆ ಎರಡಿಂಚು ಹೆಣೆದಿರಲಿ. ಮೆಶ್ ಕತ್ತರಿಸಿದ ಅಂಚು ಒಳಮುಖ ಇರಲಿ, ಇಲ್ಲದಿದ್ದರೆ ಮುಂದಿನ ಸಲ ಹಂಚು ಇಡುವವನ ಕೈ ಹೋಗುತ್ತದೆ.

ಎರಡನೇ ಜಾಗ ನೆತ್ತಿಯ ಕೋಡುಹಂಚು. ಅದರ ಕೆಳಗಿನ ಗಾರೆ ಬಿರುಕು ಬಿಟ್ಟು ಉದುರಿರುತ್ತದೆ. ಹಳೆಯ ಗಾರೆ ಪೂರ್ತಿ ಕೆರೆದು ತೆಗೆದು ಹೊಸದು ತುಂಬಿಸಿ. ಹಳಬರು ಇಂಥ ಕಡೆ ಗಾರೆಗೆ ಗಾಜಿನ ಚೂರು ಸೇರಿಸುತ್ತಿದ್ದರು, ಈಗಲೂ ಅದು ಒಳ್ಳೆಯದೇ. ಮೂರನೆಯದು ಎದುರು ಗೋಡೆಯ ತ್ರಿಕೋನದ ಮರದ ಜಾಲರಿ. ಇಲ್ಲಿ ಹಲಗೆ ಹೊಡೆದು ಮುಚ್ಚಬೇಡಿ. ಅಟ್ಟಕ್ಕೆ ಗಾಳಿ ಆಡದಿದ್ದರೆ ಎರಡು ಮಳೆಗಾಲಕ್ಕೆ ತೊಲೆ ಬೂಸು ಹಿಡಿದು ಕುಂಬಾಗುತ್ತದೆ. ಜಾಲರಿಯ ಒಳಮೈಗೆ ಮೆಶ್ ಹೊಡೆಸಿದರೆ ಗಾಳಿಯೂ ಉಂಟು, ಇಲಿಯೂ ಇಲ್ಲ.

ಆರ್‌ಸಿಸಿ ಮೇಲೆ ಶೀಟು: ತಾರಸಿ ಸೋರುತ್ತದೆ ಎಂದು ಮೇಲೆ ಟ್ರಸ್ ಹೊಡೆಸಿ ಶೀಟು ಹಾಕಿಸುವುದು ಈಗ ಊರೂರಲ್ಲಿ ಇದೆ. ಆ ನಡುವಿನ ಜಾಗದಲ್ಲಿ ಬಟ್ಟೆ, ಕಾಳುಮೆಣಸು, ಹಳೇ ಹಾಸಿಗೆ, ಹೋಂಸ್ಟೇ ಮನೆಯಾದರೆ ಮುರಿದ ಕುರ್ಚಿಗಳೂ ಸೇರುತ್ತವೆ. ನನ್ನ ಕೇಳಿದರೆ ಹಂಚಿನ ಅಟ್ಟಕ್ಕಿಂತ ಇಲ್ಲೇ ಇಲಿ ಜಾಸ್ತಿ. ಪೂರ್ತಿ ತೆರೆದ ಜಾಗಕ್ಕೆ ಸುತ್ತ ಮೆಶ್ ಹೊಡೆಸುವುದು ದುಬಾರಿ. ಅದರ ಬದಲು ಅಲ್ಲಿಂದ ಮನೆಯೊಳಗೆ ಇಳಿಯುವ ದಾರಿ ಮುಚ್ಚಿ. ಮೆಟ್ಟಿಲ ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ, ಪೈಪು ಇಳಿಯುವ ತೂತಿಗೆ ಸ್ಟೀಲ್ ನಾರು ಗಿಡಿದು ಮೇಲೆ ಗಾರೆ, ಟಾಯ್ಲೆಟ್ಟಿನ ಗಾಳಿ ಪೈಪಿನ ಬಾಯಿಗೆ ಜಾಲರಿ. ಸೋಲಾರ್ ಪೈಪಿಗೆ ಸುತ್ತಿದ ಕಪ್ಪು ಸ್ಪಂಜನ್ನು ಇಲಿ ಕಿತ್ತು ಗೂಡಿಗೆ ಒಯ್ಯುತ್ತದೆ, ಅದರ ಮೇಲೆ ತಗಡಿನ ಹೊದಿಕೆ ಹಾಕಿಸಿ. ಶೀಟು ನೇರ ಗೋಡೆಗೇ ಕೂತಿರುವ ಮನೆಯಾದರೆ ಶೀಟಿನ ಏರಿಳಿತದ ಬಾಯಿಗಳನ್ನು ಒಂದೊಂದಾಗಿ ಮೆಶ್ ಮತ್ತು ಗಾರೆಯಿಂದ ತುಂಬಬೇಕು. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಹಳೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಒಡೆದು ಕೆಳಗೆ ಬೀಳುತ್ತೀರಿ. ಅದಕ್ಕೆ ತೂತು ಕೊರೆಯಲೂ ಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಹೆಜ್ಜೆ 6: ಸ್ವಚ್ಛ ಮಾಡುವಾಗ ಹುಷಾರು

ಒಣ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬೇಡಿ. ಧೂಳು ನೇರ ಮೂಗಿಗೆ ಬರುತ್ತದೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಚಿಮುಕಿಸಿ. ಹತ್ತು ನಿಮಿಷ ನೆನೆಯಲಿ. ಆಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್, ಫಿನೈಲ್ ಬೆರೆಸಬೇಡಿ, ವಿಷಗಾಳಿ ಏಳಬಹುದು. ಕೆಲಸಕ್ಕೆ ಮೊದಲು ಮೈನ್ ಆಫ್ ಇರಲಿ. ಇಲಿ ಕಡಿದು ತಾಮ್ರ ಕಾಣುವ ವಯರು ಒದ್ದೆ ಹಲಗೆಗೆ ತಾಗಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಅಂಥ ವಯರಿಗೆ ಟೇಪು ಸುತ್ತಿ ಬಿಡಬೇಡಿ, ಬದಲಾಯಿಸಿ ಪೈಪಿನೊಳಗೆ ಎಳೆಸಿ.

ಇಲಿ ಜ್ವರದ ಭಯ ಸುಮ್ಮನೆ ಅಲ್ಲ. ಅದರ ರೋಗಾಣು ಇಲಿಯ ಮೂತ್ರದಲ್ಲಿದ್ದು, ಒದ್ದೆ ಮಣ್ಣು ಮತ್ತು ನೀರಿನ ಮೂಲಕ ಕಾಲಿನ ಗಾಯದಿಂದ ಮೈ ಸೇರುತ್ತದೆ. ಮಾಡಿನ ಮಳೆನೀರು ಹಿಡಿದು ಬಳಸುವವರು ಕುದಿಸಿಯೇ ಕುಡಿಯಿರಿ. ಅಟ್ಟದ ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ, ಇಲಿ ಇದ್ದ ಜಾಗದಲ್ಲಿ ಕೆಲಸ ಮಾಡಿದ್ದೆ ಎಂದು ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಇದಕ್ಕೆ ಔಷಧಿ ಇದೆ.

ಪಾಷಾಣ ಹಾಕಲೇಬೇಕಾದರೆ

ಅಟ್ಟದೊಳಗೆ ಬೇಡ. ಕೊಟ್ಟಿಗೆ, ಗೋಡೌನ್ ಕಡೆ ತೀರಾ ಜಾಸ್ತಿಯಾದಾಗ ಮಾತ್ರ, ಬೀಗ ಹಾಕುವ ಪೆಟ್ಟಿಗೆಯೊಳಗೆ. ಜಿಂಕ್ ಫಾಸ್ಫೈಡ್ ಕಪ್ಪು ಪುಡಿಯನ್ನು ಮನೆ ಹತ್ತಿರವೇ ತರಬೇಡಿ. ಹೊಟ್ಟೆಗೆ ಹೋದರೆ ವಿಷಗಾಳಿ ಬಿಡುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ನಿಧಾನಕ್ಕೆ ಕೊಲ್ಲುತ್ತದೆ. ಅದಕ್ಕೆ ವಿಟಮಿನ್ ಕೆ1 ಪ್ರತ್ಯೌಷಧ ಇದೆ. ಮಗುವೋ ನಾಯಿಯೋ ತಿಂದಿತೆಂದು ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ. ಇವತ್ತು ಆರಾಮಾಗಿ ಕಂಡರೂ ಕಾಯಬೇಡಿ, ರಕ್ತ ಹೋಗಲು ಶುರುವಾಗುವುದು ಕೆಲವು ದಿನ ಬಿಟ್ಟು.

ಪಾಷಾಣ ತಿಂದ ಇಲಿಯನ್ನು ಗೂಬೆ, ಕೇರೆ ಹಾವು, ಬೆಕ್ಕು ತಿಂದರೆ ಅವಕ್ಕೂ ವಿಷ ಏರುತ್ತದೆ. ಕೇರೆ ವಿಷದ ಹಾವಲ್ಲ, ತೋಟದಲ್ಲಿ ಇಲಿ ಹಿಡಿಯುವುದೇ ಅದು. ಕಂಡರೆ ಹೊಡೆಯಬೇಡಿ. ಆದರೆ ಇಲಿಯ ಬೆನ್ನು ಹತ್ತಿ ನಾಗರವೂ ಮನೆಗೆ ಬರುವುದುಂಟು, ಅಟ್ಟದಲ್ಲಿ ಕೈ ಹಾಕುವ ಮೊದಲು ಟಾರ್ಚ್ ಹಾಕಿ.

ಪ್ಲಗ್ಗಿಗೆ ಹಾಕುವ ಸದ್ದಿನ ಯಂತ್ರ, ಕರ್ಪೂರ, ನುಸಿಗುಳಿಗೆ ಎಲ್ಲ ಒಂದು ವಾರದ ಸಂಭ್ರಮ. ಯಂತ್ರದ ಸದ್ದು ಗೋಡೆ, ಸಾಮಾನು ದಾಟುವುದಿಲ್ಲ, ಇಲಿಗೆ ಬೇಗ ರೂಢಿಯೂ ಆಗುತ್ತದೆ. ಬೆಕ್ಕು ಸಾಕಿದರೆ ಚಿಕ್ಕ ಇಲಿ ಕಡಿಮೆಯಾಗುತ್ತದೆ, ದೊಡ್ಡ ಇಲಿಯ ತಂಟೆಗೆ ಹೋಗುವ ಬೆಕ್ಕು ಅಪರೂಪ.

ಆಮೇಲೆ

ಮುಚ್ಚಿ ಎರಡು ವಾರದ ಮೇಲೆ ಮತ್ತೊಮ್ಮೆ ಬೂದಿ ಹರಡಿ ನೋಡಿ. ಹೆಜ್ಜೆ ಕಂಡರೆ ಹೊಸ ಕಂಡಿ ಎಲ್ಲೋ ಇದೆ, ಎರಡನೇ ಹೆಜ್ಜೆಯ ಕತ್ತಲ ಪರೀಕ್ಷೆ ಪುನಃ ಮಾಡಿ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಮತ್ತು ಭತ್ತ ಮನೆಗೆ ತರುವ ಮೊದಲೊಮ್ಮೆ, ಸೂರಿನ ಮೆಶ್ಶನ್ನು ಕೈಯಿಂದ ಎಳೆದು ನೋಡಿ. ತುಕ್ಕು ಹಿಡಿದ ತಂತಿ ಬೆರಳಿಗೇ ಮುರಿಯುತ್ತಿದ್ದರೆ ಆ ಪಟ್ಟಿ ಬದಲಿಸಿ. ಮಂಗಗಳು ಹಾದುಹೋದ ಮರುದಿನವೂ ಮಾಡಿನತ್ತ ಒಂದು ಸಲ ಕಣ್ಣು ಹಾಯಿಸಿ, ಸರಿದ ಹಂಚನ್ನು ಅವತ್ತೇ ಕೂರಿಸಿ. ಮನೆ ಪಕ್ಕ ನಿಲ್ಲಿಸುವ ಜೀಪಿನ ಬಾನೆಟ್ಟನ್ನೂ ಆಗಾಗ ಎತ್ತಿ ನೋಡಿ. ಅಟ್ಟದಲ್ಲಿ ಜಾಗ ಸಿಗದ ಇಲಿ ಮೊದಲು ಹೋಗುವುದು ಎಂಜಿನ್ನಿನ ಬಿಸಿಗೆ, ಕಡಿಯುವುದು ಅಲ್ಲಿಯ ವಯರು.